ನಾಲ್ಕು ವಿಷಯದ ಹುಡುಗ

ಹುಡುಗ ಮೋಸಗಾರನಾಗಿರಬಹುದಿತ್ತು. ಸಂಶೋಧನೆ ಎನ್ನುವುದು ಕೆಲಸವಿಲ್ಲದಿರುವುದಕ್ಕೆ ಇಟ್ಟ ಮರ್ಯಾದಸ್ಥ ಹೆಸರಾಗಿರಬಹುದಿತ್ತು. ಅವನಿಗೆ ಇನ್ನೆಲ್ಲೋ ಒಂದು ಸಂಸಾರವಿರಬಹುದಿತ್ತು. ನಿಶ್ಚಿತಾರ್ಥದ ದಿನ ಕುಣಿಗಲ್ ಕಡೆಯಿಂದ ಗುಬ್ಬಿಗೆ ಹೊರಟ ಗಂಡಿನವರ ಮಿನಿಬಸ್ಸು ಕೆಟ್ಟು ನಿಲ್ಲಬಹುದಿತ್ತು. ಅವರೂ ರಾಹುಕಾಲವೂ ಒಟ್ಟಿಗೇ ಬಾಗಿಲಿಗೆ ಬರಬಹುದಿತ್ತು. ಒಬ್ಬಟ್ಟು ಕಡಿಮೆ ಬೀಳಬಹುದಿತ್ತು. ಗ್ಯಾಸು ಮುಗಿಯಬಹುದಿತ್ತು. ಉಂಗುರ ಬೆರಳಿನ ಗೆಣ್ಣಿನಲ್ಲೇ ಸಿಕ್ಕಿಕೊಂಡು ಸೋಪಿನ ನೀರು ತರಿಸಬೇಕಾಗಬಹುದಿತ್ತು. ಇಷ್ಟಕ್ಕೂ ಕಾರಣ ನಾನೇ ಎಂದು ನನ್ನ ಅಕ್ಕ ಜೀವಮಾನವಿಡೀ ನೆಂಟರ ಮನೆಗಳಲ್ಲಿ ಹೇಳಿಕೊಂಡು ಬರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದು ಕೊನೆಗಿರಲಿ.

ಅನುಮಾನ ನನ್ನ ಹುಟ್ಟುಗುಣ. ಡಾಕ್ಟರು ನಿಮಗೇನೂ ಇಲ್ಲ ಎಂದರೆ ನನಗೆ ಡಾಕ್ಟರ ಮೇಲೆ ಅನುಮಾನ. ವೈಶಾಖದ ಬಿಸಿಲಿನಲ್ಲೂ ಮಳೆ ಬಂದೀತೆಂದು ಕೊಡೆಯಿಲ್ಲದೆ ಮನೆ ಬಿಡುವವನಲ್ಲ. ಹೆಂಡತಿ ಸುಮಾ ಇದನ್ನು ಕಾಯಿಲೆ ಎನ್ನುತ್ತಾಳೆ, ಅಕ್ಕ ಮಾತ್ರ ಅರ್ಹತೆ ಎಂದುಕೊಂಡಿದ್ದಾಳೆ. ಗುಬ್ಬಿಯಲ್ಲಿರುವ ಅವಳ ಮಗಳು ಚೈತ್ರಾಳಿಗೆ ಸಂಬಂಧ ಬಂದಾಗ ಅವಳು ಮೊದಲು ಫೋನ್ ಮಾಡಿದ್ದು ನನಗೇ.

"ಲೋ ಶಂಕ್ರ, ಹುಡ್ಗ ಕುಣಿಗಲ್ ಹತ್ರ ಕೊತ್ತಗೆರೆಯವ್ನು, ಪ್ರಸನ್ನ ಅಂತ. ಈಗ ನಿಮ್ಮ ತುಮ್ಕೂರಲ್ಲೇ ರೂಮ್ ಮಾಡ್ಕಂಡವ್ನೆ. ವಿಚಾರಿಸ್ಕಂಡು ಬಾ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

"ಏನ್ ಕೆಲಸ ಅಕ್ಕ?"

"ರಿಸರ್ಚಂತೆ ಕಣೋ. ಬಾಡಿಗೆ ಮನೆ ಮಾರ್ಕೆಟ್ಟು, ಗಣಿತ, ಫಿಸಿಕ್ಸು..." ಅಲ್ಲಿ ಅವಳು ಸ್ವಲ್ಪ ತಡೆದಳು. "ಆಮೇಲೆ ಸಂಗೀತ."

ನಾನು ಇತಿಹಾಸದ ಮೇಷ್ಟ್ರು. ಶಾಸನ ಓದಿ ಓದಿ ನನಗೆ ಒಂದು ವಿಷಯ ಮನದಟ್ಟಾಗಿದೆ: ಬಿರುದುಗಳು ಉದ್ದವಾದಷ್ಟೂ ರಾಜ್ಯ ಚಿಕ್ಕದು. ಸಮುದ್ರದವರೆಗೂ ಆಳಿದವನು ಎರಡು ಸಾಲಿನಲ್ಲಿ ಮುಗಿಸುತ್ತಾನೆ. ಒಂದು ಗುಡ್ಡ, ಒಂದು ಕೆರೆ ಇದ್ದವನು ಕಲ್ಲಿನ ಎರಡೂ ಮಗ್ಗುಲು ಬರೆಸುತ್ತಾನೆ. ನಮ್ಮ ಬೀದಿಯ ಕೊನೆಯಲ್ಲೊಂದು ಅಂಗಡಿಯಿದೆ. ಜೆರಾಕ್ಸ್, ಎಳನೀರು, ವಾಸ್ತು ಸಲಹೆ, ಹಳೆಯ ಬ್ಯಾಟರಿ ಎಂದು ಬೋರ್ಡು. ಅಲ್ಲಿ ಜೆರಾಕ್ಸ್ ಮಾಡಿಸಿದರೆ ಕಪ್ಪು, ಎಳನೀರು ಕೊಚ್ಚಿಸಿದರೆ ಬಲಿತ ಕಾಯಿ. ನಾಲ್ಕು ವಿಷಯದ ಹುಡುಗನೆಂದರೆ ನನಗೆ ಆ ಬೋರ್ಡೇ ಕಣ್ಣಮುಂದೆ ಬಂತು.

ಅದೇ ಸಂಜೆ ಚೈತ್ರಾಳ ಫೋನು ಬಂತು. "ಮಾವ, ಇದು ಬಂದ ಸಂಬಂಧ ಅಲ್ಲ, ನಾನೇ ತರಿಸಿದ್ದು. ತುಮ್ಕೂರಲ್ಲಿ ಎಂ.ಎಸ್ಸಿ. ಓದೋವಾಗಿಂದ ಪರಿಚಯ. ಅಮ್ಮಂಗೆ ಹೇಳ್ಬೇಡಿ. ನಿಮ್ಮ ಅನುಮಾನದ ಬುದ್ಧಿ ಇದೊಂದು ಸಲ ಮನೇಲಿ ಬಿಟ್ಟು ಹೋಗಿ, ದಮ್ಮಯ್ಯ."

ಬಿಟ್ಟು ಹೋಗಬಹುದಾದ ವಸ್ತುವಾಗಿದ್ದರೆ ಎಂದೋ ಬಸ್ಸಿನಲ್ಲೇ ಬಿಟ್ಟುಬರುತ್ತಿದ್ದೆ.

ವರನ ವಿಚಾರಣೆಗೆ ನಮ್ಮಲ್ಲಿ ಒಂದು ಕ್ರಮವಿದೆ. ವರನ ವಿಚಾರ ಅಂತ ಬಾಯಿ ಬಿಟ್ಟು ಕೇಳಕೂಡದು. ಕೇಳಿದರೆ ನೆರೆಯವರು ಒಂದೋ ಹೊಗಳಿ ಅಟ್ಟಕ್ಕೇರಿಸುತ್ತಾರೆ, ಇಲ್ಲವೇ ಹಳೆಯ ದ್ವೇಷ ತೀರಿಸಿಕೊಳ್ಳುತ್ತಾರೆ. ಬೇರೆ ಯಾವುದೋ ನೆಪದಲ್ಲಿ ಹೋಗಿ, ಮಾತಿನ ನಡುವೆ ಹೆಸರು ಜಾರಿಸಬೇಕು. ಅವನ ರೂಮಿರುವ ಶೆಟ್ಟಿಹಳ್ಳಿ ಕಡೆ ನಾನು ಬಾಡಿಗೆ ಮನೆ ಹುಡುಕುವವನಾಗಿ ಹೋದೆ. ಎಂಥ ಮನೆ ಬೇಕು ಎಂದರೆ ಏನಾದರೂ ಹೇಳಬೇಕಲ್ಲ? ಸುಳ್ಳಿನಲ್ಲಿ ನನಗೆ ಕಲ್ಪನಾಶಕ್ತಿ ಕಡಿಮೆ. ಊರಿನ ಇನ್ನೊಂದು ತುದಿಯ ಕ್ಯಾತ್ಸಂದ್ರದಲ್ಲಿ ನಾವು ಬಾಡಿಗೆಗಿರುವ ಮನೆಯನ್ನೇ ವರ್ಣಿಸಿಬಿಟ್ಟೆ: ಎರಡು ರೂಮು, ನೆಲಮಹಡಿ, ಮುಂದೊಂದು ನುಗ್ಗೆಮರವಿದ್ದರೆ ಒಳ್ಳೆಯದು. ಮೊದಲ ಮನೆಯಲ್ಲಿ ಹೆಸರು ಜಾರಿಸಲು ಸಂದರ್ಭ ಸಿಗಲಿಲ್ಲ. ಎರಡನೆಯದಕ್ಕೆ ಹೋದೆ. ಹೀಗೆ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೊಡೆ ಹಿಡಿದುಕೊಂಡು ಹೋಗಿ, ಮೂಲೆಯ ದಿನಸಿ ಅಂಗಡಿಯ ಅಕ್ರಂ ಸಾಹೇಬರ ಹತ್ತಿರ ಕೊನೆಗೆ ಸುದ್ದಿ ಸಿಕ್ಕಿತು.

"ಪ್ರಸನ್ನ ಅವ್ರಾ? ಬಹಳ ಶರೀಫ್ ಹುಡ್ಗ ಸಾರ್," ಎಂದರು ಸಾಹೇಬರು. ನಾನು ನಿರಾಶನಾಗುವಷ್ಟರಲ್ಲಿ ದನಿ ತಗ್ಗಿಸಿದರು. "ಒಂದೇ ವಿಷ್ಯ. ಟು-ಲೆಟ್ ಬೋರ್ಡ್ ಕಂಡ ಕಡೆ ಎಲ್ಲಾ ಒಳಗೆ ಹೋಗ್ತಾರೆ. ಖಾಲಿ ಮನೆ ಮಧ್ಯ ನಿಂತ್ಕೊಂಡು ಒಂದು ಚಪ್ಪಾಳೆ ಹೊಡೀತಾರೆ. ಆಮೇಲೆ 'ಸಾ' ಅಂತ ಉದ್ದಕ್ಕೆ ರಾಗ ಎಳೀತಾರೆ. ಮನೆ ಮಾತ್ರ ಒಂದೂ ಹಿಡಿಯಲ್ಲ. ನಿಮ್ಮ ಹಂಗೇನೇ."

ಕೊನೆಯ ಮಾತು ನನಗೆ ಕೇಳಿಸಲೇ ಇಲ್ಲ. ಅಕ್ಕನಿಗೆ ಫೋನ್ ಮಾಡಿ, "ಸ್ವಲ್ಪ ತಡಿ, ಹುಡ್ಗ ಖಾಲಿ ಮನೇಲಿ ಚಪ್ಪಾಳೆ ಹೊಡೀತಾನಂತೆ" ಎಂದಷ್ಟೇ ಹೇಳಿದೆ. ಮಾರನೆಯ ಬೆಳಿಗ್ಗೆ ಅದೇ ಸುದ್ದಿ ಗುಬ್ಬಿಯ ನೆಂಟರ ಮೂಲಕ ನನಗೇ ತಿರುಗಿ ಬಂದಾಗ ಅದರಲ್ಲಿ ಹುಡುಗ ಬೀಗ ಒಡೆದು ನುಗ್ಗಿ, ಕನ್ನಡಿಯ ಮುಂದೆ ಕುಣಿಯುತ್ತಿದ್ದ. ಚೈತ್ರಾ ಊಟ ಬಿಟ್ಟಿದ್ದಳು. ಅಕ್ಕ ಹೇಳಿದಳು: "ಹುಡ್ಗನ ಮನೆ ನೋಡಕ್ಕೆ ಬರ್ತೀವಿ ಅಂತ ಮಾತು ಕೊಟ್ಟಾಗಿದೆ. ಹೋಗಿ ಬರಾಣ. ಅಲ್ಲೇ ನೀನು ತೀರ್ಮಾನ ಹೇಳು. ಬ್ಯಾಡ ಅಂದ್ರೆ ಅಲ್ಲಿಗೆ ಬುಟ್ಬುಡಾಣ."

ಕೊತ್ತಗೆರೆಯ ಮನೆ ಸರಳವಾಗಿತ್ತು, ಅನುಮಾನಪಡಲು ಜಾಗವೇ ಇಲ್ಲದಷ್ಟು. ಕಿಟಕಿಯಾಚೆ ದೂರದಲ್ಲಿ ಹುತ್ರಿದುರ್ಗದ ಬೆಟ್ಟ. ಒಳಗೆ ಗೋಡೆಗೊರಗಿಸಿದ ತಂಬೂರಿ. ಹುಡುಗ ತೆಳ್ಳಗೆ, ಕನ್ನಡಕ ಹಾಕಿಕೊಂಡು, ನಮಗಿಂತ ಹೆಚ್ಚು ಹೆದರಿಕೊಂಡಿದ್ದ. ಹಟ ಹಿಡಿದು ಜೊತೆಗೆ ಬಂದಿದ್ದ ಚೈತ್ರಾ ನನ್ನನ್ನು ನೋಡದೆ ಕಾಫಿ ಲೋಟವನ್ನೇ ನೋಡುತ್ತಿದ್ದಳು.

"ಚಪ್ಪಾಳೆ ಯಾಕಪ್ಪ?" ಎಂದು ನೇರವಾಗಿ ಕೇಳಿದೆ.

ಅವನ ಮುಖ ಅರಳಿತು. "ಓನರ್‌ಗಳು ಹಾಲ್ ಇಷ್ಟುದ್ದ ಅಷ್ಟಗಲ ಅಂತಾರೆ ಸಾರ್. ಟೇಪ್ ತೆಗೆದ್ರೆ ಸಿಟ್ಟಾಗ್ತಾರೆ, ಚಪ್ಪಾಳೆ ಹೊಡೆದ್ರೆ ನಕ್ಕು ಸುಮ್ನಾಗ್ತಾರೆ. ಖಾಲಿ ಮನೇಲಿ ಸದ್ದು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಫೋನಲ್ಲಿ ಹಿಡ್ಕೊಂಡ್ರೆ ಮನೆ ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತೆ. 'ಸಾ' ಹಿಡಿದ್ರೆ ಗೋಡೆ ಯಾವ ಸ್ವರಕ್ಕೆ ಗುಂಯ್ ಅನ್ನುತ್ತೆ ಅಂತ ಗೊತ್ತಾಗುತ್ತೆ."

"ಅದಕ್ಕೂ ಬಾಡಿಗೆಗೂ ಏನ್ ಸಂಬಂಧ?"

ಅವನು ಎದ್ದು ತಂಬೂರಿಯ ಒಂದು ತಂತಿ ಮೀಟಿದ. ಪಕ್ಕದ್ದರ ಮೇಲೆ ಒಂದು ಚೂರು ಕಾಗದ ಕೂರಿಸಿದ್ದ. ಮುಟ್ಟದಿದ್ದರೂ ಅದು ನಡುಗಿತು. "ಒಂದೇ ಶ್ರುತಿ ಇರೋ ತಂತಿ ಮಾತ್ರ ಹಿಂಗೆ ಓಗೊಡುತ್ತೆ. ಮನೆಗಳೂ ಹಂಗೇ ಅನ್ನೋದು ನನ್ನ ಲೆಕ್ಕ. ವಸಂತನರಸಾಪುರದ ಫ್ಯಾಕ್ಟರಿಗೆ ಜನ ಬಂದು ಒಂದು ಬೀದೀಲಿ ಚಿಕ್ಕ ಮನೆ ಬಾಡಿಗೆಗೆ ಕೇಳಿದ್ರೆ, ಪಕ್ಕದ ದೊಡ್ಡ ಮನೆ ಸುಮ್ನಿರುತ್ತೆ. ಊರಿನ ಆ ತುದೀಲಿರೋ ಅಂಥದೇ ಚಿಕ್ಕ ಮನೆ ಬಾಡಿಗೆ ಅಲ್ಲಾಡುತ್ತೆ. ಅದಕ್ಕೆ ಸಮೀಕರಣ ಬರೀತಿದೀನಿ." ಆಮೇಲೆ ನಿಟ್ಟುಸಿರು ಬಿಟ್ಟ. "ಈಗ ಲೆಕ್ಕ ಕೆಟ್ಟೋಯ್ತು ಸಾರ್. ನಮ್ಮ ಬೀದೀಲಿ ಇದ್ದಕ್ಕಿದ್ದಂಗೆ ಬಾಡಿಗೆ ಏರ್ಬಿಟ್ಟಿದೆ. ಫ್ಯಾಕ್ಟರಿಯವರು ಯಾರೂ ಬಂದಿಲ್ಲ. ಯಾರೋ ವಯಸ್ಸಾದವರು ಒಬ್ರು ಮನೆ ಮನೆಗೂ ಹೋಗಿ ಕೇಳಿದಾರೆ, ಒಂದನ್ನೂ ಹಿಡಿದಿಲ್ಲ. ಬಿಸಿಲಲ್ಲಿ ಕೊಡೆ ಹಿಡ್ಕೊಂಡಿದ್ರಂತೆ."

ವಯಸ್ಸಾದವರು ಎಂಬ ಮಾತು ನನಗೆ ಹಿಡಿಸಲಿಲ್ಲ. ಆದರೆ ಆಕ್ಷೇಪಿಸುವ ಸ್ಥಿತಿಯಲ್ಲಿರಲಿಲ್ಲ. ಚೈತ್ರಾಳ ಕಣ್ಣು ಕಾಫಿ ಲೋಟದಿಂದ ಎದ್ದು, ಬಾಗಿಲ ಪಕ್ಕ ಒರಗಿದ್ದ ನನ್ನ ಕೊಡೆಯ ಮೇಲೆ ನಿಂತಿತು. ಹುಡುಗನ ಕಣ್ಣೂ ಅವಳ ಕಣ್ಣಿನ ಹಿಂದೆಯೇ ಹೋಯಿತು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು; ವಿಚಾರಿಸಲು ಬಂದವನನ್ನೇ ಎಲ್ಲರೂ ವಿಚಾರಿಸಿಕೊಳ್ಳುತ್ತಿದ್ದರು.

"ಹೋಗ್ಲಿ ಬಿಡಿ," ಎಂದ ಅವನು, ಕನ್ನಡಕ ಒರೆಸುತ್ತ. "ಪಾಪ, ಅವರಿಗೂ ಏನೋ ತುಂಬ ಬೇಕಾಗಿದ್ದಿರಬೇಕು."

"ಏನ್ಲಾ ಶಂಕ್ರ, ಬಾಯಿಗೆ ಬೀಗ ಬಿತ್ತಾ? ನಿನ್ನ ಮಾತೇನು?" ಎಂದಳು ಅಕ್ಕ.

ಸಮೀಕರಣ ನನಗೆ ಅರ್ಥವಾಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಅದು ಸರಿಯೋ ತಪ್ಪೋ ಎಂಬ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಆದರೆ ಕೈಗೆ ಸಿಕ್ಕಿಬಿದ್ದವನನ್ನು ಹಿಡಿದುಕೊಡದೆ ಬಿಡುವವನು ಅಪರೂಪ. ಅಂಥವನ ಮೇಲೆ ಅನುಮಾನಪಡಲು ಎಷ್ಟು ತಡಕಾಡಿದರೂ ನನಗೆ ಒಂದು ನೆಪ ಸಿಗಲಿಲ್ಲ. "ಹೂಂ ಅಕ್ಕ," ಎಂದೆ. ಚೈತ್ರಾ ಕಾಫಿ ಕುಡಿದಳು. ಅದು ಆರಿ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಹೊರಡುವಾಗ ಹುಡುಗ ಬಾಗಿಲವರೆಗೆ ಬಂದು, "ನಿಮ್ಮ ಕೊಡೆ, ಮಾವ" ಎಂದು ಕೈಗೆ ಕೊಟ್ಟ. ಸಾರ್ ಹೋಗಿ ಮಾವ ಬಂದದ್ದನ್ನು ಗಮನಿಸಿದೆ.

ನಿಶ್ಚಿತಾರ್ಥದ ದಿನ ಮಿನಿಬಸ್ಸು ಹೊತ್ತಿಗೆ ಮೊದಲೇ ಬಂತು. ಉಂಗುರ ಸಲೀಸಾಗಿ ಹಿಡಿಯಿತು. ಒಬ್ಬಟ್ಟು ಉಳಿದು, ಡಬ್ಬಿ ತುಂಬ ನಮ್ಮ ಪಾಲಿಗೂ ಬಂತು. ಏನೋ ಕೆಡಬೇಕಿತ್ತಲ್ಲ ಎಂಬ ಕಸಿವಿಸಿಯಲ್ಲೇ ಕ್ಯಾತ್ಸಂದ್ರಕ್ಕೆ ಬಂದಿಳಿದರೆ, ನುಗ್ಗೆಮರದ ಕೆಳಗೆ ನಮ್ಮ ಮನೆಯ ಮಾಲೀಕರು ನಂಜುಂಡಪ್ಪನವರು ಕಾಯುತ್ತಿದ್ದರು. ಸುಮಾ ಒಳಗೆ ಕರೆದು ಒಬ್ಬಟ್ಟು ಕೊಟ್ಟಳು. ಅದನ್ನು ತಿಂದು ಮುಗಿಸಿ, ಕೈ ತೊಳೆದುಕೊಂಡು, ಬಹಳ ಸಂಕೋಚದಿಂದ ಮಾತು ತೆಗೆದರು.

"ಮೇಷ್ಟ್ರೇ, ಶೆಟ್ಟಿಹಳ್ಳಿ ಕಡೆ ಎರಡು ರೂಮಿನ ಮನೆಗೆ ಭಾರಿ ಡಿಮ್ಯಾಂಡಂತೆ. ಯಾರೋ ಒಬ್ರು ಕೊಡೆ ಹಿಡ್ಕಂಡು ಬೀದಿ ಬೀದಿ ಹುಡುಕ್ತಾವ್ರಂತೆ. ಪಾಪ, ಇದ್ದ ಮನೆ ಓನರ್ರು ಖಾಲಿ ಮಾಡ್ಸಿರಬೇಕು. ನಾನು ನಿಮ್ಮನ್ನ ಹಂಗೆಲ್ಲ ಮಾಡಲ್ಲ, ಬುಡಿ. ಬರೋ ತಿಂಗಳಿಂದ ಬಾಡಿಗೆ ಒಂಚೂರು ಜಾಸ್ತಿ ಮಾಡಿದ್ರೆ ಸಾಕು."

ನಾನು ಕೊಡೆಯನ್ನು ಕಾಲಿನಿಂದಲೇ ಮೆಲ್ಲಗೆ ಬಾಗಿಲ ಹಿಂದಕ್ಕೆ ತಳ್ಳಿ, ಆಗಲಿ ಎಂದೆ.