ವಿಮಾನದ ಬ್ಯಾಣದ ಬಿಳಿ ಕಲ್ಲುಗಳು

ನಾಗರಿಕತೆಗಳು ಹುಟ್ಟುವುದು ನೀರಿನ ದಡದಲ್ಲಿ ಎಂದು ಶಾಲೆಯ ಪುಸ್ತಕಗಳು ಬಹಳ ಗಂಭೀರವಾಗಿ ಹೇಳುತ್ತವೆ. ನಾನು ಕಣ್ಣಾರೆ ಕಂಡ ಒಂದೇ ಒಂದು ನಾಗರಿಕತೆ ನೀರಿಗೆ ಹೆದರಿ ಓಡಿಬಂದು, ವಿಮಾನ ಇಳಿಯುವ ಜಾಗದ ಪಕ್ಕದಲ್ಲಿ ಒಲೆ ಹೂಡಿತು. ಪುಸ್ತಕ ಬರೆದವರು ಅಷ್ಟು ದೂರ ಬಂದಿರಲಿಕ್ಕಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಸಾಗರಕ್ಕೂ ಹೊಸನಗರಕ್ಕೂ ನಡುವಿನ ಕಾಡಿನಲ್ಲಿ ಒಂದು ಎತ್ತರದ ಬ್ಯಾಣವಿತ್ತು. ಬ್ಯಾಣವೆಂದರೆ ನಮ್ಮ ಕಡೆ ಹುಲ್ಲು ಬಿಟ್ಟು ಮತ್ತೇನೂ ಬೆಳೆಯದ ಬೋಳುಗುಡ್ಡ. ಅದರ ನೆತ್ತಿಯನ್ನು ಸವರಿ, ಕೆಂಪು ಮಣ್ಣು ಬಡಿದು, ಸಣ್ಣ ವಿಮಾನವೊಂದು ಇಳಿಯುವಷ್ಟು ಉದ್ದದ ಪಟ್ಟಿ ಮಾಡಿದ್ದರು. ದೂರದ ಊರಿನ ಇಂಜಿನಿಯರುಗಳು ಅದರಲ್ಲಿ ಬಂದಿಳಿದು, ಜೀಪು ಹತ್ತಿ ಕೆಲಸದ ಜಾಗಕ್ಕೆ ಹೋಗುತ್ತಿದ್ದರು. ಆ ಪಟ್ಟಿಯ ಉಸ್ತುವಾರಿಗೆ ತೀರ್ಥಹಳ್ಳಿಯ ನನ್ನನ್ನು ನೇಮಿಸಿದರು. ಫೋನು ಎತ್ತುವುದು, ಪೆಟ್ರೋಲಿನ ಪೀಪಾಯಿ ಕಾಯುವುದು, ವಿಮಾನ ಬರುವಾಗ ದನ ಅಟ್ಟುವುದು, ಈ ಮೂರೂ ಕೂಡಿ ನನ್ನ ಹುದ್ದೆ. ಊರವರು ಗುಮಾಸ್ತನೆಂದು ನನ್ನನ್ನು ‘ರೈಟ್ರು’ ಎನ್ನುತ್ತಿದ್ದರು. ನಾನು ದನಗಳಿಗೆ ಹೆಚ್ಚು ಪರಿಚಿತನಾಗಿದ್ದೆ.

ಮೊದಲು ಅಲ್ಲಿ ಇದ್ದದ್ದು ನನ್ನ ಶೀಟಿನ ಮನೆ, ವಾಚ್‌ಮನ್ನನ ಗುಡಿಸಲು, ಒಂದು ಬಾವಿ. ಆಮೇಲೆ ಗಂಡ ಹೆಂಡತಿ ಇಬ್ಬರು ಬಂದು ಚಹಾದ ಹೋಟೆಲು ಹಾಕಿದರು. ವಿಮಾನದವರು ಅಲ್ಲಿ ಚಹಾ ಕುಡಿಯುತ್ತಾರೆಂದು ಅವರ ಲೆಕ್ಕ. ವಿಮಾನದವರು ಫ್ಲಾಸ್ಕಿನಲ್ಲಿ ತಂದುಕೊಳ್ಳುತ್ತಿದ್ದರು. ಕುಡಿದವರು ನಾನು, ವಾಚ್‌ಮನ್, ಮತ್ತು ಮುಳುಗಡೆಯಿಂದ ಎದ್ದುಬಂದವರು. ಕೆಳಗಿನ ಕಣಿವೆಯಲ್ಲಿ ಗದ್ದೆ ಗೇಣಿಗೆ ಮಾಡಿಕೊಂಡಿದ್ದ ಆ ಕುಟುಂಬಗಳು ನೀರು ಏರಿದಂತೆ ಒಂದೊಂದಾಗಿ ಮೇಲೆ ಬಂದವು. ಸುತ್ತ ಹಳುವು, ದಟ್ಟ ಕಾಡು; ಕಡಿದರೆ ಫಾರೆಸ್ಟಿನವರ ಕೇಸು. ಸವರಿ ಚೊಕ್ಕಟ ಮಾಡಿದ್ದ ಜಾಗ ನಮ್ಮದೊಂದೇ. ಪಟ್ಟಿಯ ಎರಡೂ ಕಡೆ ಸೋಗೆ ಗುಡಿಸಲುಗಳ ಸಾಲು ಎದ್ದಿತು. ಆ ಊರಿಗೆ ವಿಮಾನದ ಬ್ಯಾಣ ಎಂದೇ ಹೆಸರಾಯಿತು. ಸಾಗರದ ಪೇಟೆಯಲ್ಲಿ ಯಾವೂರು ಎಂದು ಕೇಳಿದರೆ ಇವರು ಹೀಗೆ ಹೇಳುವರು; ಕೇಳಿದವರು ಇವರ ಬರಿಗಾಲಿನ ಕಡೆ ಒಮ್ಮೆ ನೋಡುವರು.

ಅಣೆಕಟ್ಟು ಮುಗಿಯುವ ಹೊತ್ತಿಗೆ ಮೂರು ಕಡೆ ನೀರು ಬಂದು ನಿಂತಿತು. ನಾಲ್ಕನೆಯ ಕಡೆ ಕಾಡು, ಕಾಡಿನೊಳಗೆ ಹೊಸನಗರಕ್ಕೊಂದು ಗಾಡಿದಾರಿ. ಮಳೆಗಾಲದಲ್ಲಿ ಆ ದಾರಿಯೂ ಹಳ್ಳವಾಗುತ್ತಿತ್ತು. ಹೋಟೆಲಿನವನಿಗೆ ಆಷಾಢದಲ್ಲಿ ಜ್ವರ ಬಂತು. ಕಂಬಳಿಯ ಜೋಲಿಯಲ್ಲಿ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದವರು ಅರ್ಧ ದಾರಿಯಿಂದ ಹಿಂದಿರುಗಿದರು, ಅವಸರವಿಲ್ಲದೆ. ಅವನ ಹೆಂಡತಿಯನ್ನು ಎಲ್ಲರೂ ಹೋಟ್ಲಕ್ಕ ಎನ್ನುತ್ತಿದ್ದರು. ಹದಿಮೂರನೆಯ ದಿನದ ಕರ್ಮ ಕಳೆದ ಮರುದಿನ ಅವಳು ಮತ್ತೆ ಒಲೆ ಹಚ್ಚಿದಳು. ಬೇರೆಲ್ಲಿಗೆ ಹೋಗುವುದೆಂದು ಯಾರೂ ಕೇಳಲಿಲ್ಲ, ಹೇಳುವುದಕ್ಕೆ ಊರಿನ ಹೆಸರು ಯಾರಲ್ಲೂ ಇರಲಿಲ್ಲ.

ಇಂಜಿನಿಯರುಗಳ ಕೆಲಸ ಮುಗಿಯುತ್ತಾ ಬಂದಂತೆ ವಿಮಾನ ಅಪರೂಪವಾಯಿತು. ಆ ಮಳೆಗಾಲದ ನಂತರ ಇಳಿಯಲೇ ಇಲ್ಲ. ಜನ ಹೊಟ್ಟೆಪಾಡಿಗೆ ಹೊಸನಗರದ ಕಡೆಯ ತೋಟದವರಿಂದ ಅಡಿಕೆ ತಂದು ಸುಲಿದು, ಬೇಯಿಸಿ, ಒಣಗಿಸಿಕೊಡುವ ಕೆಲಸ ಹಿಡಿದಿದ್ದರು. ಸುಲಿಯುವುದಕ್ಕೆ ಕೈ ಸಾಕು, ಒಣಗಿಸುವುದಕ್ಕೆ ಬಿಸಿಲು ಬೇಕು. ಆ ಕಾಡಿನಲ್ಲಿ ಬಿಸಿಲು ಪೂರ್ತಿ ಬೀಳುತ್ತಿದ್ದ ಜಾಗ ವಿಮಾನದ ಪಟ್ಟಿ ಮಾತ್ರ. ಸರ್ಕಾರ ಅಷ್ಟು ಒಳ್ಳೆಯ ಅಂಗಳವನ್ನು ಮತ್ತೆಲ್ಲೂ ಮಾಡಿಸಿರಲಾರದು. ಅಡಿಕೆ, ಮೆಣಸಿನಕಾಳು, ಹಪ್ಪಳ, ಹಾಸಿಗೆ ಎಲ್ಲವೂ ಅಲ್ಲಿಗೆ ಬಂದವು. ಜೊತೆಗೆ ಜಗಳವೂ ಬಂತು. ನಿನ್ನ ಚಾಪೆ ನನ್ನ ಬಿಸಿಲಿಗೆ ಬಂತು ಎಂದು ಇಬ್ಬರು ಕೈಕೈ ಮಿಲಾಯಿಸಿದ ದಿನ ಹೋಟೆಲಿನ ಮುಂದೆ ಪಂಚಾಯಿತಿ ಸೇರಿತು.

ಪಂಚಾಯಿತಿ ಮಾಡಿದ್ದು ಊರಿನ ಹಿರಿಯ, ಎಲ್ಲರಿಗೂ ಅಜ್ಜ. ಅಪ್ಪನ ಕಾಲದಿಂದ ಒಂದೇ ಗದ್ದೆಯನ್ನು ಗೇಣಿಗೆ ಉತ್ತ ಮನುಷ್ಯ. ಅವರು ಪಟ್ಟಿಯನ್ನು ಹಗ್ಗದಲ್ಲಿ ಅಳೆದು ಮನೆಗೊಂದು ಪಾಲು ಮಾಡಿದರು. ಈಚೆ ಸಾಲಿಗೂ ಆಚೆ ಸಾಲಿಗೂ ಗಡಿ ಪಟ್ಟಿಯ ನಟ್ಟನಡುವೆ. ಆ ಗಡಿಯುದ್ದಕ್ಕೂ, ಪಾಲು ಪಾಲಿಗೂ, ಗೇಣೆತ್ತರದ ಬಾಂದುಕಲ್ಲು ಹುಗಿದರು.

ನಾನು ಆಕ್ಷೇಪಿಸಿದೆ. “ಅಜ್ಜ, ಇದು ವಿಮಾನ ಇಳಿಯೋ ಜಾಗ.”

“ಇಳೀಲಿ ರೈಟ್ರೇ, ಬ್ಯಾಡ ಅಂದೋರ್ಯಾರು?”

“ಕಲ್ಲಿದ್ರೆ ಹೆಂಗೆ ಇಳಿಯುತ್ತೆ?”

“ಬರೋ ದಿನ ಹೇಳಿ. ಕಿತ್ತು ಬದಿಗಿಟ್ರಾತು. ಕಲ್ಲು ಕೀಳದೇನು ದೊಡ್ ಕೆಲ್ಸನಾ?”

ಮನೆಗೆ ಬಂದರೆ ನನ್ನ ಹೆಂಡತಿ ಹಪ್ಪಳದ ಹಿಟ್ಟು ಕಲಸುತ್ತಿದ್ದಳು. ನಮ್ಮ ಮನೆಗೂ ಒಂದು ಪಾಲು, ಒಂದು ಕಲ್ಲು ಬಂದಿತ್ತು. ಬಿಸಿಲು ಚೆನ್ನಾಗಿರುವ ಕಡೆಯೇ ಕೊಟ್ಟಿದ್ದಾರೆ ಎಂದಳು. ಆಡಳಿತದ ಹಿಡಿತ ನನ್ನ ಕೈಯಿಂದ ಜಾರಿದ್ದು ಅಲ್ಲಿಯೇ ಇರಬೇಕು.

ಕಾರ್ತಿಕ ಕಳೆದ ಮೇಲೆ ಒಂದು ದಿನ ಫೋನು ಬಂತು. ಆಫೀಸಿನ ಹೆಡ್‌ಕ್ಲಾರ್ಕು.

“ಬುಧವಾರ ದೊಡ್ಡ ಸಾಹೇಬ್ರು ವಿಮಾನದಲ್ಲಿ ಬರ್ತಾರೆ. ಇಳಿದು ನೋಡ್ತಾರೆ. ಫೀಲ್ಡು ಸರಿಯಾಗಿದ್ರೆ ಇಟ್ಕೊಳ್ಳೋದು, ಅಲ್ಲಿರೋ ಜನಕ್ಕೆ ಅಲ್ಲೇ ಜಾಗ ಬರೆದುಕೊಡೋದು. ಇಲ್ದಿದ್ರೆ ಮುಚ್ಚೋದು.”

“ಮುಚ್ಚಿದ್ರೆ ಜನ ಎಲ್ಲಿಗೆ ಹೋಗ್ಬೇಕು ಸಾರ್?”

“ಜನದ್ದು ಬೇರೆ ಸೆಕ್ಷನ್ನು.”

ನಾನು ಹೋಟೆಲಿನ ಮುಂದೆ ಎಲ್ಲರನ್ನೂ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾಹೇಬರು ಇಳಿದರೆ ಊರು ಉಳಿಯುತ್ತದೆ, ಇಳಿಯದಿದ್ದರೆ ಮತ್ತೆ ಗಂಟುಮೂಟೆ. ಒಮ್ಮೆ ಎದ್ದು ಬಂದವರಿಗೆ ಇನ್ನೊಮ್ಮೆ ಏಳುವುದೆಂದರೆ ಏನೆಂದು ವಿವರಿಸಬೇಕಾಗಿರಲಿಲ್ಲ. ಹೋಟ್ಲಕ್ಕ, “ಸಾಹೇಬ್ರು ಈ ಸಲನೂ ಫ್ಲಾಸ್ಕು ತರ್ತಾರ?” ಎಂದು ಕೇಳಿದಳು.

“ಹಂಗಾದ್ರೆ ನಾಳೆ ಕಲ್ಲೆಲ್ಲ ಕಿತ್ತುಬಿಡಿ,” ಎಂದೆ. ಎಲ್ಲರೂ ತಲೆಯಾಡಿಸಿದರು.

ಮರುದಿನ ನಾನು ನೋಡಿದಾಗ ಊರಿನ ಹೆಂಗಸರು ಗಂಡಸರು ಸುಣ್ಣದ ಮಡಕೆ ಹಿಡಿದು ಪಟ್ಟಿಯ ಮೇಲೆ ಕೂತಿದ್ದರು. ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದರು. ಕೆಂಪು ನೆಲದ ಮೇಲೆ ಅವು ಹಲ್ಲಿನ ಸಾಲಿನಂತೆ ಹೊಳೆಯುತ್ತಿದ್ದವು.

“ಇದೆಂತ ಅಜ್ಜ?”

ಅಜ್ಜ ತಮ್ಮ ಕಲ್ಲಿನ ಬುಡಕ್ಕೆ ಇನ್ನೊಂದು ಕೈ ಸುಣ್ಣ ಕೊಟ್ಟರು. “ಮೇಲಿಂದ ಕಾಣ್ಬೇಕಲ್ರಾ.”

“ಕಂಡ್ರೆ ವಿಮಾನ ಇಳಿಯಲ್ಲ.”

“ಕಾಣ್ದಿದ್ರೆ ನಮ್ಗೆ ಜಾಗ ಇಲ್ಲ.” ಅವರು ಕೈ ಒರೆಸಿಕೊಂಡು ಎದ್ದು ನಿಂತರು. “ನೀರು ಬರತ್ತೆ ಅಂತ ಅಳತೆಯೋರು ಕಣಿವೆಗೆ ಬಂದಿದ್ರು ನೋಡಿ. ಗದ್ದೇಲಿ ಒಡೇರ ಕಲ್ಲಿತ್ತು. ಕಲ್ಲು ನೋಡ್ಕಂಡು ಒಡೇರ ಹೆಸ್ರು ಬರ್ಕಂಡ್ರು. ನಾನೂ ಅಲ್ಲೇ ಬದೂನ ಮೇಲೆ ನಿಂತಿದ್ದೆ. ನನ್ನ ಬರ್ಕಳ್ಳಿಲ್ಲ. ನಾನು ಕಲ್ಲಲ್ವಲ್ಲ.”

ಸಾಹೇಬರು ಅಳತೆಯವರಲ್ಲ, ಅವರು ನೋಡುವುದು ಪಟ್ಟಿಯನ್ನು, ಕಲ್ಲನ್ನಲ್ಲ ಎಂದು ಮನೆ ಮನೆಗೆ ಹೋಗಿ ಹೇಳಿದೆ. ಎಲ್ಲರೂ ಕೂರಿಸಿ ಬೆಲ್ಲ ನೀರು ಕೊಟ್ಟರು, ಎಲ್ಲರೂ ಒಪ್ಪಿದರು. “ಪಕ್ಕದೋನು ಕಿತ್ರೆ ನಾನೂ ಕೀಳ್ತೀನಿ” ಎಂದ ಒಬ್ಬ. ಪಕ್ಕದವನ ಹತ್ತಿರ ಹೋದರೆ, “ಅವ ಹಂಗಂದ್ನಾ? ಅವಂದು ಮೊದ್ಲು ಕೀಳಿಸಿ ಸ್ವಾಮಿ. ನಾನು ಕಿತ್ತ ತಕ್ಷಣ ಅವ ತನ್ನ ಕಲ್ಲು ಎರಡು ಗೇಣು ಈಚೆ ತರ್ತಾನೆ” ಎಂದ. ಕೊನೆಗೆ ಮನೆಗೆ ಬಂದು ಹೆಂಡತಿಗೆ, ನಮ್ಮದಾದರೂ ಮೊದಲು ತೆಗೆದು ದಾರಿ ತೋರಿಸೋಣ ಎಂದೆ.

“ಎಲ್ರೂ ತೆಗೀಲಿ. ಆಮೇಲೆ ನೋಡೋಣ,” ಎಂದಳು.

ನಾನೂ ವಾಚ್‌ಮನ್ನೂ ಹಾರೆ ಹಿಡಿದು ಹೋದೆವು. ಮೊದಲ ಕಲ್ಲಿಗೆ ಹಾರೆ ಹಾಕುವ ಮೊದಲೇ ಅದರ ಮೇಲೆ ಒಬ್ಬ ಮುದುಕಿ ಬಂದು ಕೂತಳು. ಬೈಯಲಿಲ್ಲ, ಅಳಲಿಲ್ಲ. ಎಲೆಅಡಿಕೆ ಚೀಲ ಬಿಚ್ಚಿಕೊಂಡಳು. ಬೇರೆ ಕಲ್ಲುಗಳ ಮೇಲೂ ಹೀಗೇ ಒಬ್ಬೊಬ್ಬರು ಬಂದು ಕೂತರು. ವಾಚ್‌ಮನ್ ಹಾರೆಯನ್ನು ಹೆಗಲಿಗೆ ಹಾಕಿಕೊಂಡು, “ರೈಟ್ರೇ, ನಂದೂ ಒಂದು ಕಲ್ಲಿದೆ,” ಎಂದು ನೆಲ ನೋಡಿದ.

ಕಡೆಗೆ ಒಂದು ಉಪಾಯ ಹೊಳೆಯಿತು. ಬುಧವಾರ ಬೆಳಿಗ್ಗೆ ಎಲ್ಲರೂ ಅವರವರ ಕಲ್ಲಿನ ಹತ್ತಿರ ನಿಲ್ಲುವುದು. ನಾನು ಸೀಟಿ ಊದಿದ ಕೂಡಲೇ ಒಟ್ಟಿಗೆ ಕೀಳುವುದು. ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಸಾಹೇಬರು ಇಳಿದ ಮೇಲೆ ಅವರವರ ಕಲ್ಲು ಕೈಯಲ್ಲಿ ಹಿಡಿದು ತೋರಿಸಲಿ. ಅಜ್ಜ “ಇದಾಗ್ಬೋದು” ಎಂದರು. ನನಗೆ ನನ್ನ ಬಗ್ಗೆ ದೊಡ್ಡ ಗೌರವ ಉಂಟಾಯಿತು.

ಬುಧವಾರ ಮಂಜು ಬೇಗ ಬಿಟ್ಟಿತು. ಚಾಪೆ, ಅಡಿಕೆ ಯಾವುದೂ ಪಟ್ಟಿಯ ಮೇಲಿರಲಿಲ್ಲ. ನೆಲವನ್ನು ಗುಡಿಸಿ ನೀರು ಚಿಮುಕಿಸಿದ್ದರು. ಹೋಟ್ಲಕ್ಕ ಹಿತ್ತಾಳೆ ಲೋಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಳು. ಎಲ್ಲರೂ ಒಗೆದ ಬಟ್ಟೆ ಉಟ್ಟು ತಮ್ಮ ತಮ್ಮ ಕಲ್ಲಿನ ಬಳಿ ನಿಂತರು. ನನ್ನ ಹೆಂಡತಿಯೂ ನಿಂತಿದ್ದಳು, ಮದುವೆಗೆ ಹೊರಟವಳ ಹಾಗೆ. ನಾನು ಸೀಟಿ ಊದಿದೆ.

ಎಲ್ಲರೂ ಬಗ್ಗಿದರು. ಎಲ್ಲರೂ ಕಲ್ಲಿಗೆ ಎರಡು ಕೈ ಹಾಕಿದರು. ಹಾಕಿ, ತಲೆ ಎತ್ತದೆ, ಕಣ್ಣಂಚಿನಲ್ಲಿ ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡುತ್ತಿದ್ದರು. ಒಂದು ಕಲ್ಲೂ ಅಲುಗಲಿಲ್ಲ. ನಾನು ಮತ್ತೆ ಊದಿದೆ. ಅವರು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

“ಅಜ್ಜ, ನೀವಾದ್ರೂ ಎತ್ತಿ,” ಎಂದೆ.

ಬಗ್ಗಿದಲ್ಲಿಂದಲೇ ಅವರು ಹೇಳಿದರು: “ಕೈ ಬರ್ತಿಲ್ಲ ಕಣ್ರಾ. ಎಪ್ಪತ್ ವರ್ಷಕ್ಕೆ ಒಂದು ಕಲ್ಲು ಹುಗ್ದಿದ್ದು.”

ಆಗಲೇ ಸದ್ದು ಕೇಳಿಸಿತು. ವಾಚ್‌ಮನ್ ತನ್ನ ಕಲ್ಲನ್ನು ಬಿಟ್ಟು ಓಡಿ, ಎಚ್ಚರಿಕೆಯ ಗಂಟೆಗೆಂದು ತಾಳಗುಪ್ಪದಿಂದ ತಂದು ನೇತು ಹಾಕಿದ್ದ ರೈಲುಕಂಬಿಯ ತುಂಡನ್ನು ಬಡಿಯತೊಡಗಿದ. ನೀರಿನ ಕಡೆಯಿಂದ ವಿಮಾನ ಬಂತು. ಗುಡ್ಡದ ಮೇಲೆ ತಗ್ಗಿತು. ಗಾಜಿನೊಳಗೆ ಎರಡು ಮುಖಗಳು ಕಂಡವು. ಪಟ್ಟಿಯ ಉದ್ದಕ್ಕೂ ನಡುವೆ ಬಿಳಿ ಕಲ್ಲುಗಳು, ಒಂದೊಂದು ಕಲ್ಲಿಗೂ ಬಗ್ಗಿ ಅಂಟಿಕೊಂಡ ಒಬ್ಬೊಬ್ಬ ಮನುಷ್ಯ. ವಿಮಾನದೊಳಗಿನವರಿಗೆ ನಮಸ್ಕಾರ ಮಾಡಿದಂತೆ ಕಂಡಿತೋ, ಅಡ್ಡ ಹಾಕಿದಂತೆ ಕಂಡಿತೋ. ವಿಮಾನ ಮೂತಿ ಎತ್ತಿ ಮೇಲಕ್ಕೆ ಹೋಯಿತು.

ಅದು ಹೋಗುತ್ತಿದೆ ಎಂದು ತಿಳಿದ ಮೇಲೆ ಕಲ್ಲುಗಳು ಎದ್ದವು. ಮೊದಲು ಹೋಟ್ಲಕ್ಕ ಕಿತ್ತಳು. ಕಿತ್ತು, “ಏಳ್ರೋ, ಇನ್ನೇನು ಕಾಯ್ತೀರ? ಊರು ಹೋತು” ಎಂದಳು. ಆಮೇಲೆ ಎಲ್ಲರೂ ಕಿತ್ತರು. ಆದರೆ ಕಿತ್ತ ಕಲ್ಲನ್ನು ಬದಿಗಿಡಲಿಲ್ಲ. ತಲೆಯ ಮೇಲೆ ಎತ್ತಿ ಹಿಡಿದು ವಿಮಾನಕ್ಕೆ ತೋರಿಸುತ್ತಾ ಪಟ್ಟಿಯ ಮೇಲೆಯೇ ಓಡಿದರು. ಅದು ತಿರುಗಿ ಮತ್ತೊಮ್ಮೆ ತಗ್ಗಿ ಬಂತು. ಕೆಳಗೆ ಪಟ್ಟಿಯ ತುಂಬ ಕಲ್ಲು ಹೊತ್ತು ಓಡುವ ಜನ. ನಾನು ಕೈ ಬೀಸಿ, ಬದಿಗೆ ಬನ್ನಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ವಿಮಾನ ಕಾಡಿನ ಮೇಲೆ ಹಾದು, ಸಣ್ಣದಾಗಿ, ಇಲ್ಲವಾಯಿತು.

ಪಟ್ಟಿ ಪೂರ್ತಿ ಚೊಕ್ಕಟವಾಗಿದ್ದದ್ದು ಅದರ ನಂತರ. ಬಿಸಿಲು ಇಳಿಯುವವರೆಗೂ ಎಲ್ಲರೂ ಅಂಚಿನಲ್ಲಿ ಕೂತು ಕಾದರು, ಕಲ್ಲು ತೊಡೆಯ ಮೇಲಿಟ್ಟುಕೊಂಡು. ಯಾರೂ ಯಾರನ್ನೂ ದೂರಲಿಲ್ಲ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೋಟ್ಲಕ್ಕ ಸಾಹೇಬರಿಗೆಂದು ಮಾಡಿದ ಚಹಾವನ್ನು ಆ ಹಿತ್ತಾಳೆ ಲೋಟಗಳಲ್ಲೇ ನಮಗೆ ಹಂಚಿದಳು. ಅಜ್ಜ ಕುಡಿದು ಲೋಟ ಕೆಳಗಿಟ್ಟು ಕೇಳಿದರು: “ಮೇಲಿಂದ ಕಂಡಿರ್ತದೆ ಅಲ್ವಾ ರೈಟ್ರೇ?”

“ಕಂಡಿರುತ್ತೆ ಅಜ್ಜ,” ಎಂದೆ.

ಸಂಜೆ ಹೆಡ್‌ಕ್ಲಾರ್ಕರ ಫೋನು ಬಂತು. ಸಾಹೇಬರು ಮೇಲಿನಿಂದಲೇ ಪರಿಶೀಲಿಸಿದ್ದಾರೆ, ಫೀಲ್ಡು ಉಪಯೋಗಕ್ಕೆ ಯೋಗ್ಯವಾಗಿಲ್ಲ, ಜನ ವಿರೋಧ ತೋರಿಸಿದ್ದಾರೆ ಎಂದರು. ವಿರೋಧವಲ್ಲ ಸಾರ್, ಅವರು ತೋರಿಸಿದ್ದು ಗಡಿ ಎಂದೆ. ಅದೂ ಬೇರೆ ಸೆಕ್ಷನ್ನು ಎಂದರು.

ಬೇಸಗೆಯಲ್ಲಿ ಜನರನ್ನು ಸಾಗಿಸಲು ಲಾರಿಗಳು ಗಾಡಿದಾರಿಯಲ್ಲಿ ಬಂದವು. ತುಮರಿ ಕಡೆಯವರಿಗೆ ನೀರು ದಾಟಲು ಲಾಂಚು ಬರುತ್ತದಂತೆ, ನಮಗೂ ಬಂದೀತು ಎಂದು ಕಾಯುತ್ತಿದ್ದವರೂ ಹತ್ತಿದರು. ಪಾತ್ರೆ, ಕೋಳಿ, ಸೋಗೆಯ ಜೊತೆ ಹೆಚ್ಚಿನವರು ಕಲ್ಲನ್ನೂ ಹೇರಿಕೊಂಡರು. ಡ್ರೈವರು ಇದೆಂತಕ್ಕೆ ಎಂದು ಕೇಳಿದ. ಒರಳು ಮಾಡ್ಲಿಕ್ಕೆ ಎಂದು ಯಾರೋ ಹೇಳಿದರು. ಅಜ್ಜ ಮಾತ್ರ ತಮ್ಮದನ್ನು ಹುಗಿದಿದ್ದ ಜಾಗದಲ್ಲೇ ಮತ್ತೆ ಹುಗಿದು, ಮಣ್ಣು ಮೆಟ್ಟಿ, ಬರಿಗೈಯಲ್ಲಿ ಹತ್ತಿದರು. ನಮ್ಮ ಕಲ್ಲು ಎಲ್ಲಿ ಹೋಯಿತೆಂದು ನಾನು ಹೆಂಡತಿಯನ್ನು ಕೇಳಲಿಲ್ಲ.

ನೀರು ಬ್ಯಾಣದ ನೆತ್ತಿಯವರೆಗೆ ಯಾವ ವರ್ಷವೂ ಏರಲಿಲ್ಲ. ಅಲ್ಲಿ ಫಾರೆಸ್ಟಿನವರು ನೀಲಗಿರಿ ನೆಟ್ಟರು.