ಯಾರನ್ನ ನೋಡಿ ಕಿರುಚ್ಲಿ, ಹೇಳಿ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಸ್ಟುಡಿಯೋ. ಹಳೆಯ ಹಾಸಿಗೆಗಳನ್ನೇ ಗೋಡೆಗೆ ಬಡಿದು ಮಾಡಿದ ಕೋಣೆ. ಗಿಡ್ಡನೆಯ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಒಂದು ಗುಟುಕು ಬಿಸಿನೀರು ಕುಡಿದು, ಮೈಕಿನಿಂದ ಎರಡು ಮಾರು ಹಿಂದೆ ಸರಿಯುತ್ತಾರೆ. ಆಮೇಲೆ ಕಿರುಚುತ್ತಾರೆ. ಕಿರುಚುತ್ತಾರೆ ಅಂದರೆ ಸಾಮಾನ್ಯ ಕಿರುಚಾಟ ಅಂದುಕೊಳ್ಳಬೇಡಿ. ಎದುರು ಮನೆಯ ಕಿಟಕಿ ಗಾಜು ಇದುವರೆಗೆ ಏಳು ಸಲ ರಾಜೀನಾಮೆ ಕೊಟ್ಟಿದೆ. ಬೀದಿಯ ನಾಯಿಗಳು ಸಂಸಾರಸಮೇತ ಊರು ಬಿಟ್ಟಿವೆ. ಅಕ್ಕಪಕ್ಕದವರು ಅಲಾರಂ ಗಡಿಯಾರಗಳನ್ನು ಗುಜರಿಗೆ ಹಾಕಿದ್ದಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತ ನನ್ನ ಎಡಗಿವಿಯಲ್ಲಿ ಆ ಕೂಗು ಈಗಲೂ ಬಾಡಿಗೆಗಿದೆ, ಖಾಲಿ ಮಾಡುವ ಲಕ್ಷಣವಿಲ್ಲ.

“ಸಾಕಾ, ಇನ್ನೊಂದು ಕೊಡ್ಲಾ?” ಎಂದು ಕೇಳುತ್ತಾರೆ, ಬಸ್ಸಿನಲ್ಲಿ ಸ್ವಲ್ಪ ಆಚೆ ಸರೀತೀರಾ ಎನ್ನುವವರಷ್ಟು ಮೆತ್ತಗೆ.

ಸಿನಿಮಾದವರೆಲ್ಲ ಇವರನ್ನು ಕರೆಯುವುದು ಚೀರಕ್ಕ ಎಂದು. ಆಕಾಶದಿಂದ ಏನಾದರೂ ಇಳಿಯಲಿ, ಯಂತ್ರಗಳು ತಿರುಗಿಬೀಳಲಿ, ಪರದೆಯ ಮೇಲೆ ಬಾಯಿ ತೆರೆಯುವುದಷ್ಟೇ ನಾಯಕಿಯ ಕೆಲಸ. ಹೊರಗೆ ಬರುವುದು ಇವರ ಗಂಟಲು. ವೈಜ್ಞಾನಿಕ ಕಲ್ಪನೆಯ ಚಿತ್ರಗಳಲ್ಲಿ ನೀವು ಕೇಳಿರುವ ಹತ್ತು ಚೀತ್ಕಾರಗಳಲ್ಲಿ ಒಂಬತ್ತು ಇವರವು. ಹತ್ತನೆಯದರ ದಿನ ಇವರಿಗೆ ನೆಗಡಿಯಾಗಿತ್ತು. ಇಷ್ಟೆಲ್ಲ ಆದರೂ, ಒಂದೇ ಒಂದು ಚಿತ್ರದಲ್ಲೂ ಒಂದೇ ಒಂದು ಮಾತು ಇವರ ಪಾಲಿಗೆ ಬಂದಿಲ್ಲ. ‘ಅಯ್ಯೋ’ ಕೂಡ ಇಲ್ಲ. ಅದರಲ್ಲಿ ಅಕ್ಷರಗಳಿವೆ ಎಂದು ಮಾತಿನ ಕಲಾವಿದೆಯರಿಗೆ ಕೊಟ್ಟುಬಿಡುತ್ತಾರೆ.

“ಗಂಟಲು ಕೆಡೋದ್ರೊಳಗೆ ಒಂದು ಮಾತು ಆಡ್ಬೇಕು ಕಣ್ರೀ. ಅಷ್ಟೇ ಆಸೆ. ಕಿರುಚಿದ್ರೆ ಎಲ್ಲಾರೂ ಓಡಿಹೋಗ್ತಾರೆ. ಮಾತಾಡಿದ್ರೆ ಒಬ್ರಾದ್ರೂ ನಿಲ್ತಾರೆ.”

ಮೈಕಿನ ಮುಂದೆ ನಿಂತ ಕೂಡಲೇ ಚೀರಕ್ಕ ಕೇಳುವುದು ಒಂದೇ ಪ್ರಶ್ನೆ: “ಯಾರನ್ನ ನೋಡಿ ಕಿರುಚ್ಲಿ, ಹೇಳಿ?” ಒಬ್ಬೊಬ್ಬ ನಿರ್ದೇಶಕ ಕೊಟ್ಟ ಉತ್ತರವೂ ಅವರಿಗೆ ನೆನಪಿದೆ. ಅವನ್ನು ಸಾಲಾಗಿ ಜೋಡಿಸಿದರೆ ನಾವೆಲ್ಲ ನಲವತ್ತು ವರ್ಷ ಯಾವ್ಯಾವುದಕ್ಕೆ ಬೆವರಿದೆವು ಎನ್ನುವುದು ಗೊತ್ತಾಗುತ್ತದೆ.

“ನಾನು ಬಂದ ಹೊಸದ್ರಲ್ಲಿ ಎಲ್ಲಾರದ್ದೂ ಒಂದೇ ಮಾತು, ‘ಮೇಲ್ನೋಡು’. ಆಗ ಪೇಪರ್ ತುಂಬ ಬಾಂಬು, ಯುದ್ಧ. ತಲೆ ಮೇಲೆ ಯಾವಾಗ ಏನು ಬೀಳುತ್ತೋ ಅಂತ ಜನಕ್ಕೆ ದಿಗಿಲು. ಪಿಚ್ಚರಲ್ಲೂ ಎಲ್ಲಾ ಮೇಲಿಂದಾನೇ ಬೀಳೋದು. ಕಿರುಚಿ ಕಿರುಚಿ ನನ್ನ ಕತ್ತು ಹಿಡ್ಕೊಂಡ್ಬಿಡ್ತು. ಆಮೇಲೆ ಆಫೀಸಿಗೆಲ್ಲ ಕಂಪ್ಯೂಟರ್ ಬಂತು, ಕೆಲಸ ಹೋಯ್ತು ಅಂತ ಗಾಬರಿ. ‘ಎದುರಿಗಿರೋ ಯಂತ್ರ ನೋಡು’ ಅಂದ್ರು. ಊರಿಗೂರೇ ಬೀಗ ಹಾಕಿಸಿದ ಆ ಕಾಯಿಲೆ ಬಂದ್ಮೇಲೆ ‘ಪಕ್ಕದಲ್ಲಿ ಕೆಮ್ಮಿದೋನ್ನ ನೋಡು’ ಅಂದ್ರು, ಅದೂ ಮೂಗುಬಾಯಿಗೆ ಬಟ್ಟೆ ಕಟ್ಕೊಂಡು! ಬಟ್ಟೆಯೊಳಗೆ ಕಿರುಚಿದ್ರೆ ಹೆಂಗಿರುತ್ತೆ ಗೊತ್ತಾ? ಕುಕ್ಕರ್ ಕೂಗೋಕೆ ನಾಚ್ಕೊಂಡಂಗೆ.”

ಈ ಬೆಳಿಗ್ಗೆಯೂ ಅದೇ ಪ್ರಶ್ನೆ ಕೇಳಿದ್ದಾರೆ. ಗಾಜಿನಾಚೆ ಕೂತಿರುವ ನಿರ್ದೇಶಕ, ಇವರ ಮಗನ ವಯಸ್ಸಿನವನು, ಮೊದಲು ಸುಮ್ಮನೆ ಕಿರುಚಿ ಎಂದಿದ್ದ. ಈಗ ತಲೆ ಕೆರೆದುಕೊಳ್ಳುತ್ತಾನೆ.

“ಚೀರಕ್ಕ, ಬೇಜಾರು ಮಾಡ್ಕೋಬೇಡಿ. ಕಿರುಚಾಟ ತೆಗೀತಾ ಇದೀನಿ. ಈ ಪಿಚ್ಚರಲ್ಲಿ ಯಾರೂ ಬರೋದೇ ಇಲ್ಲ. ಭಯ ಅಂದ್ರೆ ಅದೇ.”

ಕಥೆ ಇಷ್ಟೇ. ಎಲ್ಲೋ ದೂರದ ಗ್ರಹದಲ್ಲಿ ಒಬ್ಬಳೇ ಉಳಿದ ಹುಡುಗಿ, ದಿನಾ ರೇಡಿಯೋ ಹಿಡಿದು ‘ಯಾರಾದ್ರೂ ಇದ್ದೀರಾ?’ ಎಂದು ಕೇಳುತ್ತಾಳೆ.

“ಅಲ್ಲಪ್ಪ, ಅಷ್ಟು ಕರೀತಾಳೆ, ಯಾರೂ ಓಗೊಡಲ್ವಾ?”

“ಕೊನೇಲಿ ಒಂದು ‘ಓ’ ಕೇಳ್ಸುತ್ತೆ. ಅಲ್ಲಿಗೆ ಮುಗೀತು. ಅದಕ್ಕೆ ದೊಡ್ಡ ಕಲಾವಿದರೊಬ್ರು ಮಧ್ಯಾಹ್ನ ಬರ್ತಾರೆ.”

ಚೀರಕ್ಕ ಚಪ್ಪಲಿ ಹುಡುಕುವುದನ್ನು ಬಿಟ್ಟು ನಿಲ್ಲುತ್ತಾರೆ. “ನಾನೊಂದು ಸಲ ಅಂದ್ಕೊಡ್ಲಾ?”

“ಅಕ್ಕಾ, ನಿಮ್ಮ ಗಂಟಲು ಕೇಳಿದ್ರೆ ಜನ ಬಾಗಿಲ ಕಡೆ ಓಡ್ತಾರೆ!”

“ಓಡಿದ್ರೆ ಅಳಿಸಾಕು. ಮಧ್ಯಾಹ್ನದವರೆಗೆ ಮೈಕೇನು ಮೊಟ್ಟೆ ಇಡುತ್ತಾ?”

ಅವನು ನಕ್ಕು ಗುಂಡಿ ಒತ್ತುತ್ತಾನೆ. ಹುಡುಗಿಯ ಕರೆ ಕೋಣೆಯಲ್ಲಿ ಕೇಳಿಸುತ್ತದೆ. ಚೀರಕ್ಕ ಮೈಕಿಗೆ ಬೆನ್ನು ತಿರುಗಿಸಿ, ಕೈಯಲ್ಲಿ ಏನೋ ಕೆಲಸ ಹಿಡಿದವರ ಹಾಗೆ ಸ್ವಲ್ಪ ಬಗ್ಗುತ್ತಾರೆ. ಆಮೇಲೆ, ಒಳಮನೆಯಿಂದ ಬಂದ ಹಾಗೆ, “ಓ.”

ಲೋಕದ ಸ್ಟುಡಿಯೋಗಳನ್ನೆಲ್ಲ ಅರೆದು ಕುಡಿದವನು ನಾನು. ಅಂಥ ‘ಓ’ ಕೇಳಿರಲಿಲ್ಲ. ನನಗೇ ಎದ್ದು ಹೋಗಿ ಬಾಗಿಲು ತೆರೆಯೋಣ ಅನ್ನಿಸುತ್ತದೆ. ನಿರ್ದೇಶಕ ಅದನ್ನೇ ಮತ್ತೆ ಹಾಕಿ ಕೇಳುತ್ತಾನೆ. ಇನ್ನೊಂದು ಸಲ ಕೇಳುತ್ತಾನೆ. ಫೋನ್ ಹಿಡಿದು ಹೊರಗೆ ಹೋಗುತ್ತಾನೆ.

ನಾವಿಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ. ಚೀರಕ್ಕ ತಮ್ಮ ಯಜಮಾನರ ಮಾತೆತ್ತುತ್ತಾರೆ. ಅವರು ಇದೇ ಸ್ಟುಡಿಯೋದಲ್ಲಿ ಶಬ್ದ ಹಿಡಿಯುತ್ತಿದ್ದವರು.

“ಕಿರುಚಾಟ ಕೇಳಿ ಮದ್ವೆಯಾದ ಗಂಡ್ಸು ಅವ್ರೊಬ್ರೇ. ಮಿಕ್ಕೋರಿಗೆಲ್ಲ ಮದ್ವೆಯಾದ್ಮೇಲೆ ಕೇಳ್ಸೋದು!” ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. “ಈಗ ಅವ್ರ ಕಿವಿ ಪೂರ್ತಿ ಹೋಗಿದೆ. ಮುಂಚೆ ಹಿಂದಿನ ಕೋಣೇಲಿ ರೇಡಿಯೋ ಬಿಚ್ಚಿ ಹರಡ್ಕೊಂಡು ಕೂತಿರೋರು. ‘ಏನ್ರೀ’ ಅಂದ್ರೆ ‘ಓ’ ಅನ್ನೋರು. ಏಳೋದಿಲ್ಲ, ಬರೋದಿಲ್ಲ, ಬರೀ ಓ. ಮೈಯೆಲ್ಲ ಉರಿಯೋದು ನಂಗೆ. ಈಗ್ಲೂ ಬಾಯಿತಪ್ಪಿ ‘ಏನ್ರೀ’ ಅಂದ್ಬಿಡ್ತೀನಿ. ಮನುಷ್ಯ ಅಲ್ಲೇ ಇರ್ತಾರೆ. ಮನೆ ಮಾತ್ರ ಸುಮ್ನಿರುತ್ತೆ.”

ನಿರ್ದೇಶಕ ಬಾಗಿಲಿನಿಂದ ತಲೆ ಹಾಕುತ್ತಾನೆ. “ಅಕ್ಕಾ, ಮಧ್ಯಾಹ್ನದ ಕಲಾವಿದರಿಗೆ ಬರೋದು ಬೇಡ ಅಂದೆ. ನಿಮ್ದೇ ಇರ್ಲಿ.”

ಚೀರಕ್ಕ ಮೆಟ್ಟಿಲಿನಿಂದ ಏಳುತ್ತಾರೆ.

“ಪಿಚ್ಚರ್ ಬಂದಾಗ ಕರ್ಕೊಂಡು ಹೋಗ್ಬೇಕು ನಮ್ಮ ಯಜಮಾನ್ರನ್ನ,” ಎನ್ನುತ್ತಾರೆ. “ಆ ಜಾಗ ಬಂದಾಗ ಮೊಣಕೈಲಿ ತಿವಿದು, ಈ ಕಡೆ ತಿರುಗಿಸ್ಕೊಂಡು, ನಾನೇ ಅಂದು ತೋರಿಸ್ತೀನಿ. ಓ ಅನ್ನೋದು ತುಟಿ ನೋಡಿದ್ರೂ ತಿಳಿಯುತ್ತಲ್ವಾ?”