ಹೆಣ್ಣು ನೋಡುವ ದಿನ ಬಂದ ಅಕ್ರೋಲೀನು

ಕಳೆದ ಸೋಮವಾರ ದೊಡ್ಡಬಳ್ಳಾಪುರದ ನಮ್ಮಕ್ಕನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಅತ್ತೆವು. ಯಾರೂ ಸತ್ತಿರಲಿಲ್ಲ. ಅಕ್ಕನ ಮಗಳು ಸಾವಿತ್ರಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು, ಅಷ್ಟೆ.

ಅವರೂ ಅತ್ತರು.

ನಡೆದದ್ದಿಷ್ಟು. ಜಡಿಗೇನಹಳ್ಳಿಯಿಂದ ಹುಡುಗ, ಅವನ ತಾಯಿ ಬೆಳಗಿನ ಬಸ್ಸಿಗೆ ಬರಬೇಕು. ಬಂದವರಿಗೆ ಬಿಸಿ ವಡೆ. ವಡೆಯ ವಿಷಯದಲ್ಲಿ ನಮ್ಮ ಅವ್ವನದು ಎರಡು ಕಾನೂನು. ನೆಂಟರು ಹೊಸಿಲು ದಾಟುವ ಮುಂಚೆ ಮೊದಲ ವಡೆ ಎಣ್ಣೆಗೆ ಬೀಳಕೂಡದು. ಶುಭಕಾರ್ಯಕ್ಕೆಂದು ಒಲೆಗೇರಿಸಿದ ಬಾಂಡ್ಲಿಯನ್ನು ಏನೂ ಕರಿಯದೆ ಇಳಿಸಕೂಡದು. ಎರಡೂ ಒಳ್ಳೆಯ ಕಾನೂನುಗಳೇ. (ಬಸ್ಸುಗಳು ಪೆಟ್ರೋಲಿನಲ್ಲಿ ಓಡುತ್ತಿದ್ದ ಕಾಲಕ್ಕೆ.) ಯುದ್ಧ ಬಂದು ಪೆಟ್ರೋಲು ಸಿಗದ ಈಗಿನ ಇದ್ದಿಲು ಗ್ಯಾಸಿನ ಬಸ್ಸು ಏರು ಕಂಡರೆ ನಿಂತು ಯೋಚನೆ ಮಾಡುತ್ತದೆ!

ಅವ್ವ ಹೊತ್ತು ನೋಡಿ ಕಡಲೆಕಾಯಿ ಎಣ್ಣೆ ಇಟ್ಟಳು. ಬಸ್ಸು ಬರಲಿಲ್ಲ. ಎಣ್ಣೆ ಕಾಯಿತು, ಹೊಗೆಯಾಡಿತು, ಮನೆಯೆಲ್ಲ ನೀಲಿಯಾಯಿತು. ಇಳಿಸಿಬಿಡಲೇ ಎಂದು ಸಾವಿತ್ರಿ ಕೇಳಿಕೊಂಡಳು. ಅವ್ವ ಬಿಡಲಿಲ್ಲ. ನೆಂಟರು ಬಂದದ್ದು ಆ ಹೊಗೆಯ ನಡುವಿಗೇ.

ಹುಡುಗನ ತಾಯಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು ನಮ್ಮೆಲ್ಲರ ಮುಖ ನೋಡಿದರು. ಎಲ್ಲರ ಕೆನ್ನೆಯ ಮೇಲೂ ನೀರು.

"ಏಳು ಮಗ, ಹೋಗಾನ. ಹೆಣ್ಣು ನೋಡೋ ಗಳಿಗೇಲಿ ಕಣ್ಣೀರು ಬಿದ್ರೆ ಒಳ್ಳೇದಾಗತ್ತಾ?"

ಅಕ್ಕ ನನ್ನ ಮುಖ ನೋಡಿದಳು. ಹೋದ ವರ್ಷ ಒಂದು ಸಂಬಂಧ ಹಲ್ಲಿ ನುಡಿದದ್ದಕ್ಕೇ ಮುರಿದಿತ್ತು. ಇದೂ ಹೋದರೆ ಮೂರನೆಯವರು ಯಾರು ಬಂದಾರು?

ಹುಡುಗ ಏಳಲಿಲ್ಲ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವವನು, ಕೆಮಿಸ್ಟ್ರಿ. ತಾಯಿಗೆ ಹೇಳಿದ:

"ಅವ್ವ, ಇದು ಅಪಶಕುನ ಅಲ್ಲ. ಅಕ್ರೋಲೀನು."

"ಯಾವೂರಿಂದು ಅದು?"

ಊರು ಎಣ್ಣೆಯೇ ಎಂದ. ಎಣ್ಣೆಯೊಳಗೆ ಗ್ಲಿಸರಿನ್ ಎಂಬುದೊಂದು ಬೆಸೆದುಕೊಂಡಿರುತ್ತದಂತೆ. ಮಿತಿಮೀರಿ ಕಾಯಿಸಿದರೆ ಅದು ಬಿಡಿಸಿಕೊಂಡು, ತನ್ನೊಳಗಿನ ನೀರಿನಂಶ ಕಳೆದುಕೊಂಡು ಅಕ್ರೋಲೀನ್ ಆಗುತ್ತದಂತೆ. ಆಲ್ಡಿಹೈಡು ಎಂಬ ರಾಸಾಯನಿಕಗಳ ಪೈಕಿ ಹೊಟ್ಟೆ ತುಂಬದ ಜಾತಿ. ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಸ್ವಭಾವ. ಕಣ್ಣು ಸಿಕ್ಕರೆ ಕಣ್ಣಿಗೆ. (ಇಂಥ ನೆಂಟರು ನಿಮಗೂ ಇಲ್ಲವೆ?) ಕಣ್ಣೊರೆಸಿಕೊಳ್ಳುತ್ತಲೇ ಪಾಠ ಮಾಡಿದ, ಪಾಪ.

ತಾಯಿಗೆ ಅರ್ಧ ನಂಬಿಕೆ. ಎದ್ದವರು ನಿಂತೇ ಇದ್ದರು.

ಆಗ ಸಾವಿತ್ರಿ ಅಡುಗೆಮನೆ ಬಾಗಿಲಿಗೆ ಬಂದಳು. ಕಣ್ಣು ಕೆಂಡ. ಹುಡುಗನ ಕಡೆ ನೋಡದೆ ನನಗೆ ಹೇಳಿದಳು: "ಮಾವ, ಬಾಂಡ್ಲಿ ಇಳಿಸ್ಬಿಟ್ಟೆ. ಹಿತ್ತಲ ಬಾಗ್ಲೂ ತೆಗ್ದಿದ್ದೀನಿ. ಅದು ಎಷ್ಟೊತ್ತಿಗೆ ಹೋಗತ್ತಂತೆ, ಕೇಳಿ."

ಅವನೂ ನನಗೇ ಹೇಳಿದ: "ಬಲು ಬೇಗ ಹಾರಿಹೋಗೋದು ಅದು. ಗಾಳಿ ಆಡಿದ್ರೆ ಎಲೆ ಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಹೋಗತ್ತೆ."

ನಾನು ತಟ್ಟೆ ಮುಂದಿಟ್ಟೆ. ಆ ತಾಯಿ ಕೂತರು. ಎಲೆಗೆ ಸುಣ್ಣ ಹಚ್ಚಿದರು, ಮಡಿಸಿದರು, ಅಗಿದರು. ಅಕ್ಕ ಕಿಟಕಿ ನೋಡುತ್ತಿದ್ದಳು. ಹೊಗೆ ತೆಳುವಾಯಿತು. ಕಣ್ಣುರಿ ನಿಂತಿತು. ಅಪಶಕುನ ಎಂದಾದರೂ ಹಿತ್ತಲ ಬಾಗಿಲಿಂದ ಹೋದದ್ದುಂಟೆ?

ಅವರು ಎದ್ದು ನೇರ ಅಡುಗೆಮನೆಗೆ ಹೋದರು. ಕರಿಯದೆ ಕೆಳಗಿಳಿದಿದ್ದ ಬಾಂಡ್ಲಿ ನೋಡಿದರು. ಅದರ ಪಕ್ಕ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ನಮ್ಮವ್ವನನ್ನೂ ನೋಡಿದರು.

"ಅಮ್ಮ, ಇನ್ಮೇಲೆ ಬಾಂಡ್ಲಿ ಯಾವಾಗ ಇಳಿಸ್ಬೇಕು ಅಂತ ನನ್ನ ಸೊಸೇನ ಕೇಳಿ."

ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಅಳುವುದು ಪದ್ಧತಿ. ಎರಡು ಕಡೆಯವರೂ ಸೇರಿ ಮೊದಲೇ ಅತ್ತು ಮುಗಿಸಿದರೆ ತಪ್ಪೇನು?